ಕಾಂಡೋಮ್: ಪ್ಯಾಕೆಟ್ ಒಡೆಯುವುದರಿಂದ ಬಿಸಾಡುವವರೆಗೆ

ಯಾವ ಗರ್ಭನಿರೋಧಕವನ್ನೂ ಬಳಸದೆ ಕೂಡುವ ನೂರು ಜೋಡಿಗಳಲ್ಲಿ ಒಂದು ವರ್ಷದೊಳಗೆ ಸುಮಾರು 85 ಜೋಡಿಗೆ ಗರ್ಭ ನಿಲ್ಲುತ್ತದೆ. ಪ್ರತಿ ಸಲವೂ ತಪ್ಪಿಲ್ಲದೆ ಕಾಂಡೋಮ್ ಬಳಸುವ ನೂರು ಜೋಡಿಗಳಲ್ಲಿ ಆ ಸಂಖ್ಯೆ 2. ಜನ ಸಾಮಾನ್ಯವಾಗಿ ಬಳಸುವ ಹಾಗೆ ಬಳಸಿದರೆ 13. ವಸ್ತು ಅದೇ, ಫಲ ಮಾತ್ರ ಇಷ್ಟು ಬೇರೆ.

ಬಳಸುವಾಗ ಹರಿಯುವ ಅಥವಾ ಪೂರ್ತಿ ಕಳಚಿಹೋಗುವ ಕಾಂಡೋಮ್ ಸರಾಸರಿ ನೂರಕ್ಕೆ ಎರಡು. ಅವುಗಳಲ್ಲೂ ಹೆಚ್ಚಿನವಕ್ಕೆ ಬಳಸುವವರ ಕೈತಪ್ಪೇ ಕಾರಣ. ಮಿಕ್ಕ ಸೋಲಿನ ಬಹುಪಾಲು ಎಲ್ಲಿಂದ ಬರುತ್ತದೆ ಎಂದರೆ, 'ಇವತ್ತೊಂದು ದಿನ ಪರವಾಗಿಲ್ಲ' ಎಂದು ಬಿಟ್ಟದ್ದರಿಂದ, ಅರ್ಧದಲ್ಲಿ ತೊಟ್ಟದ್ದರಿಂದ, ಮುಗಿದ ಮೇಲೆ ಹಾಗೇ ಮಲಗಿ ತಡವಾಗಿ ತೆಗೆದದ್ದರಿಂದ. ಕಾರ್ಖಾನೆಯಲ್ಲಿ ಪ್ರತಿ ಕಾಂಡೋಮನ್ನೂ ವಿದ್ಯುತ್ ಹಾಯಿಸಿ ತೂತಿದೆಯೇ ಎಂದು ನೋಡುತ್ತಾರೆ. ಪ್ರತಿ ಬ್ಯಾಚಿನಿಂದ ಕೆಲವನ್ನು ಎತ್ತಿಕೊಂಡು 300 ಮಿ.ಲೀ. ನೀರು ತುಂಬಿಸಿ ಸೋರುತ್ತದೆಯೇ ಪರೀಕ್ಷಿಸುತ್ತಾರೆ, ಇನ್ನು ಕೆಲವನ್ನು ಒಡೆಯುವವರೆಗೂ ಗಾಳಿ ತುಂಬಿ ಊದಿಸುತ್ತಾರೆ. ಮನೆಯಲ್ಲಿ ನೀವು ಮತ್ತೆ ನೀರು ಹಾಕಿ ನೋಡಬೇಕಾಗಿಲ್ಲ. ಹಾಗೆ ನೋಡಿದ ಕಾಂಡೋಮ್ ಆಮೇಲೆ ಬಳಕೆಗೂ ಬರುವುದಿಲ್ಲ.

ಕೊಳ್ಳುವಾಗ

ಪೆಟ್ಟಿಗೆಯ ಮೇಲೆ ಮೊದಲು ನೋಡಬೇಕಾದ್ದು ಅವಧಿ ಮುಗಿಯುವ ದಿನ. ತಯಾರಾದ ದಿನದಿಂದ ಸಾಮಾನ್ಯವಾಗಿ 3ರಿಂದ 5 ವರ್ಷ ಇರುತ್ತದೆ. ದಿನ ದಾಟಿದ್ದರೆ ರಬ್ಬರು ಪೆಡಸಾಗಿ ಬೇಗ ಹರಿಯುತ್ತದೆ. ಐಎಸ್‌ಒ 4074 ಎಂಬ ಗುರುತಿದ್ದರೆ ಅದು ಲೇಟೆಕ್ಸ್ ಕಾಂಡೋಮ್‌ಗಳ ಅಂತರರಾಷ್ಟ್ರೀಯ ಗುಣಮಟ್ಟ. ಬಣ್ಣ, ವಾಸನೆ, ಗೆರೆ, ಚುಕ್ಕೆ ಇವೆಲ್ಲ ಇಷ್ಟಾನಿಷ್ಟದ ಮಾತು, ಗರ್ಭ ತಡೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಪೆಟ್ಟಿಗೆಯ ಮೇಲೆ 'ತಮಾಷೆಗೆ ಮಾತ್ರ' ಎಂಬರ್ಥದ ಸಾಲೇನಾದರೂ ಇದ್ದರೆ ಅದು ಗರ್ಭನಿರೋಧಕವಲ್ಲ, ಆಟಿಕೆ.

ಎರಡನೆಯದು ಅಳತೆ. ಇದನ್ನು ಬಹಳ ಜನ ನೋಡುವುದೇ ಇಲ್ಲ. 'ಲಾರ್ಜ್' ಎಂದು ಬರೆದದ್ದನ್ನು ಹೆಮ್ಮೆಗೆ ಕೊಳ್ಳುವವರು ಆಮೇಲೆ ಜಾರುತ್ತದೆ ಎಂದು ದೂರುತ್ತಾರೆ. ನೋಡಬೇಕಾದ್ದು ಮಿಲಿಮೀಟರಿನಲ್ಲಿ ಬರೆದ ಅಗಲ. ಕಾಂಡೋಮನ್ನು ಚಪ್ಪಟೆಯಾಗಿ ಇಟ್ಟಾಗ ಎಷ್ಟು ಅಗಲ ಬರುತ್ತದೋ ಅದು. ಮಾಮೂಲಿ ಅಳತೆ 52ರಿಂದ 54, ಬಿಗಿಯಾದದ್ದು 49ರ ಆಸುಪಾಸು, ದೊಡ್ಡದು 56 ಮತ್ತು ಮೇಲೆ. ನಿಮ್ಮದು ಯಾವುದು ಎಂದು ತಿಳಿಯಲು ಪೂರ್ತಿ ನಿಮಿರಿದ ಶಿಶ್ನದ ನಡುಭಾಗಕ್ಕೆ ಒಂದು ದಾರ ಸುತ್ತಿ ಸುತ್ತಳತೆ ತೆಗೆಯಿರಿ. ಅದರ ಅರ್ಧಕ್ಕಿಂತ ಎರಡರಿಂದ ಐದು ಮಿಲಿಮೀಟರ್ ಕಡಿಮೆ ಇರುವ ಅಗಲ ಸಾಮಾನ್ಯವಾಗಿ ಹೊಂದುತ್ತದೆ. ಸುತ್ತಳತೆ 11 ಸೆಂ.ಮೀ. ಬಂದರೆ ಅರ್ಧ 55 ಮಿ.ಮೀ., ಅಂದರೆ 52-53ರ ಕಾಂಡೋಮ್. ಉದ್ದದ ಚಿಂತೆ ಬೇಡ. ಹೆಚ್ಚಿನ ಕಾಂಡೋಮ್‌ಗಳು 16 ಸೆಂ.ಮೀ.ಗಿಂತ ಉದ್ದವಿರುತ್ತವೆ, ಉಳಿದ ಭಾಗ ಬುಡದಲ್ಲಿ ಸುರುಳಿಯಾಗಿಯೇ ನಿಂತರೂ ತೊಂದರೆ ಇಲ್ಲ.

ತೀರಾ ಬಿಗಿ ಇದ್ದರೆ ಬುಡದಲ್ಲಿ ಕೆಂಪು ಗೆರೆ ಬೀಳುತ್ತದೆ, ನೋವಾಗುತ್ತದೆ, ಹರಿಯುವ ಸಂಭವವೂ ಹೆಚ್ಚು. ಸಡಿಲವಿದ್ದರೆ ಕೂಡುವಾಗ ಅಂಚು ಮೇಲೆ ಸರಿಯುತ್ತಾ ಬರುತ್ತದೆ. ಎರಡರಲ್ಲಿ ಯಾವುದು ಕಂಡರೂ ಅಳತೆ ಬದಲಿಸಿ.

ಮೂರನೆಯದು ಯಾವ ವಸ್ತುವಿನದು ಎಂಬುದು. ಹೆಚ್ಚಿನವು ಲೇಟೆಕ್ಸ್, ಅಂದರೆ ರಬ್ಬರ್ ಮರದ ಹಾಲಿನಿಂದ ಮಾಡಿದವು. ಬಳಸಿದ ಮೇಲೆ ತುರಿಕೆ, ಕೆಂಪಗಾಗುವುದು, ದದ್ದು, ಊತ ಕಂಡರೆ ಲೇಟೆಕ್ಸ್ ಅಲರ್ಜಿ ಇರಬಹುದು. ಆದರೆ ಎಷ್ಟೋ ಸಲ ತಪ್ಪು ಲೇಟೆಕ್ಸಿನದಲ್ಲ, ಅದರ ಮೇಲಿನ ಸುವಾಸನೆಯದು ಅಥವಾ ವೀರ್ಯನಾಶಕದ್ದು. ಮೊದಲು ವಾಸನೆ, ಔಷಧಿ ಏನೂ ಇಲ್ಲದ ಸಾದಾ ಕಾಂಡೋಮ್‌ಗೆ ಬದಲಿಸಿ ನೋಡಿ. ಆಗಲೂ ಬಂದರೆ ಪಾಲಿಯುರೇಥೇನ್ ಅಥವಾ ಪಾಲಿಐಸೋಪ್ರೀನ್ ಎಂಬ ಕೃತಕ ವಸ್ತುವಿನದು ತೆಗೆದುಕೊಳ್ಳಿ. ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಮಾತ್ರ ಪ್ರಯೋಗಕ್ಕೆ ಹೋಗದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕುರಿಮರಿಯ ಕರುಳಿನ ಪೊರೆಯಿಂದ ಮಾಡಿದ ಕಾಂಡೋಮ್ ಕೂಡ ಕೆಲವು ಕಡೆ ಸಿಗುತ್ತದೆ. ಅದು ವೀರ್ಯಾಣುವನ್ನು ತಡೆಯುತ್ತದೆ, ಆದರೆ ಅದರ ಸಣ್ಣ ರಂಧ್ರಗಳಲ್ಲಿ ಎಚ್‌ಐವಿಯಂಥ ವೈರಸ್ ನುಸುಳಬಲ್ಲದು.

ನೊನಾಕ್ಸಿನಾಲ್-9 ಎಂಬ ವೀರ್ಯನಾಶಕ ಹಚ್ಚಿದ ಕಾಂಡೋಮ್ ಹೆಚ್ಚು ಕ್ಷೇಮ ಎಂದು ಅನ್ನಿಸಬಹುದು. ಅದರಿಂದ ಗರ್ಭ ತಡೆಯುವಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ. ಪದೇಪದೇ ಬಳಸಿದರೆ ಯೋನಿಯ ಒಳಪದರ ಉರಿಯುತ್ತದೆ, ಸೋಂಕು ತಗಲುವುದು ಸುಲಭವಾಗುತ್ತದೆ. ಬಿಟ್ಟುಬಿಡುವುದೇ ವಾಸಿ. 'ಹೆಚ್ಚು ಹೊತ್ತು' ಎಂದು ಮಾರುವ ಕಾಂಡೋಮ್‌ಗಳ ಒಳಗೆ ಮರಗಟ್ಟಿಸುವ ಬೆಂಜೊಕೇಯ್ನ್ ಇರುತ್ತದೆ. ಗಡಿಬಿಡಿಯಲ್ಲಿ ತಿರುಗುಮುರುಗಾಗಿ ತೊಟ್ಟರೆ ಮರಗಟ್ಟುವುದು ಸಂಗಾತಿಗೆ.

ಎಲ್ಲಿ ಇಡುವುದು

ಬಿಸಿಲು, ಶಾಖ, ಉಜ್ಜಾಟ ಈ ಮೂರೂ ಲೇಟೆಕ್ಸಿನ ಶತ್ರುಗಳು. ಪ್ಯಾಂಟಿನ ಹಿಂದಿನ ಜೇಬಿನ ಪರ್ಸು ಅದಕ್ಕೇ ಕೆಟ್ಟ ಜಾಗ: ಮೈ ಬಿಸಿ, ಕೂತಾಗಿನ ಒತ್ತಡ, ನಾಣ್ಯಗಳ ಉಜ್ಜು ಎಲ್ಲ ಒಟ್ಟಿಗೆ. ಒಂದು ಸಂಜೆಯ ಮಟ್ಟಿಗೆ ಸರಿ, ವಾರಗಟ್ಟಲೆ ಇಟ್ಟದ್ದನ್ನು ನಂಬಬೇಡಿ. ಬಿಸಿಲಿನಲ್ಲಿ ನಿಲ್ಲುವ ವಾಹನದ ಡ್ಯಾಶ್‌ಬೋರ್ಡಿನ ಖಾನೆಯೂ ಬೇಡ. 30 ಡಿಗ್ರಿ ಸೆಲ್ಸಿಯಸ್ ಒಳಗೆ ಇರುವ ಒಣ ಕಪಾಟು ಅಥವಾ ಹಾಸಿಗೆ ಪಕ್ಕದ ಮೇಜಿನ ಡ್ರಾಯರ್ ಸಾಕು, ಫ್ರಿಜ್ ಬೇಕಾಗಿಲ್ಲ. ಹೊರಗೆ ಒಯ್ಯಬೇಕೆಂದರೆ ಗಟ್ಟಿಯಾದ ಪುಟ್ಟ ಡಬ್ಬಿಯಲ್ಲಿ ಹಾಕಿಕೊಳ್ಳಿ.

ಮುಖ್ಯವಾದ ಮಾತು: ಕೈಗೆಟಕುವ ಜಾಗದಲ್ಲಿ ಇರಲಿ. ಇನ್ನೊಂದು ಕೋಣೆಯ ಬೀರುವಿನ ಮೇಲಿನ ತಟ್ಟೆಯಲ್ಲಿರುವ ಕಾಂಡೋಮ್‌ಗಾಗಿ ಆ ಹೊತ್ತಿನಲ್ಲಿ ಎದ್ದು ಹೋಗುವವರು ಕಡಿಮೆ. ಒಂದೇ ಇಟ್ಟುಕೊಳ್ಳಬೇಡಿ, ಕನಿಷ್ಠ ಮೂರು ಇರಲಿ. ತಿರುಗುಮುರುಗಾಗಿ ಹಾಳಾಗುವುದು ಒಂದು, ಎರಡನೇ ಸಲಕ್ಕೆ ಬೇಕಾಗುವುದು ಒಂದು.

ತೊಡುವುದು

ಪ್ಯಾಕೆಟ್ಟನ್ನು ಎರಡು ಬೆರಳ ನಡುವೆ ಮೆಲ್ಲಗೆ ಒತ್ತಿ. ಒಳಗೆ ಗಾಳಿಯ ಮೆತ್ತೆ ಸಿಗಬೇಕು. ಸಿಗದಿದ್ದರೆ ಎಲ್ಲೋ ತೂತಾಗಿದೆ, ಒಳಗಿನ ಜಿಡ್ಡು ಒಣಗಿರುತ್ತದೆ. ಗಾಳಿ ಇದೆ ಅಂದರೆ ಕಾಂಡೋಮನ್ನು ಹೊರಗಿನಿಂದಲೇ ಬೆರಳಿನಿಂದ ಒಂದು ಬದಿಗೆ ತಳ್ಳಿ, ಇನ್ನೊಂದು ಬದಿಯ ಹಲ್ಲುಹಲ್ಲಾದ ಅಂಚಿನಿಂದ ಹರಿಯಿರಿ. ಅರ್ಧ ಹರಿದು ಬೆರಳು ತೂರಿಸಿ ಎಳೆಯುವುದಕ್ಕಿಂತ ಪೂರ್ತಿ ಬದಿ ಹರಿದು ಒತ್ತಿ ಹೊರತೆಗೆಯುವುದು ಒಳ್ಳೆಯದು. ಹಲ್ಲು, ಕತ್ತರಿ, ಬ್ಲೇಡು ಬೇಡ. ಉಗುರು ಉದ್ದವಿದ್ದರೆ, ಬೆರಳಲ್ಲಿ ಚೂಪಾದ ಉಂಗುರವಿದ್ದರೆ ಗಮನವಿರಲಿ. ಕಣ್ಣಿಗೆ ಕಾಣದಂಥ ಗೀರು ಸಾಕು, ಅಲ್ಲಿಂದಲೇ ಹರಿಯುತ್ತದೆ. ಹೊರಬಂದ ಕಾಂಡೋಮ್ ಅಂಟಂಟಾಗಿದ್ದರೆ, ಬಿರುಸಾಗಿದ್ದರೆ, ಬಣ್ಣ ಕೆಟ್ಟಿದ್ದರೆ ಎಸೆದು ಇನ್ನೊಂದು ತೆಗೆಯಿರಿ.

ಯಾವಾಗ ತೊಡಬೇಕು? ಶಿಶ್ನ ಪೂರ್ತಿ ನಿಮಿರಿದ ಮೇಲೆ, ಯೋನಿಗೆ ತಾಗುವ ಮೊದಲು. ಒಳಗೆ ಹೋಗುವ ಮೊದಲು ಎಂದಲ್ಲ, ತಾಗುವ ಮೊದಲು. ಸ್ಖಲನಕ್ಕೆ ಮುಂಚೆ ಜಿನುಗುವ ದ್ರವದಲ್ಲೂ ಕೆಲವರಲ್ಲಿ ವೀರ್ಯಾಣುಗಳಿರುತ್ತವೆ. ಸ್ವಲ್ಪ ಹೊತ್ತು ಹಾಗೇ ಕೂಡಿ ಕೊನೆಗೆ ತೊಡುವುದು ಅತಿ ಸಾಮಾನ್ಯ ತಪ್ಪು. ಅದರಲ್ಲಿ ಇನ್ನೊಂದು ಅಪಾಯವೂ ಇದೆ. 'ಇನ್ನೇನು ತೊಡಬೇಕು' ಎನ್ನುವ ಕ್ಷಣವನ್ನು ಸರಿಯಾಗಿ ಅಂದಾಜು ಮಾಡಲು ಎಲ್ಲರಿಗೂ ಪ್ರತಿ ಸಲವೂ ಆಗುವುದಿಲ್ಲ.

ಈಗ ಯಾವ ಬದಿ ಹೊರಗೆ ಎಂದು ನೋಡಿ. ಸರಿಯಾದ ಬದಿಯಲ್ಲಿ ಹಿಡಿದರೆ ಕಾಂಡೋಮ್ ಅಂಚು ಹೊರಕ್ಕೆ ಸುರುಳಿಯಾದ ಟೋಪಿಯ ಹಾಗೆ ಕಾಣುತ್ತದೆ. ಮೊನೆ ಮೇಲಕ್ಕೆ ಇರುತ್ತದೆ, ಸುರುಳಿ ಹೊರಬದಿಯಲ್ಲಿರುತ್ತದೆ. ಕತ್ತಲಲ್ಲಿ ತಿಳಿಯದಿದ್ದರೆ ಬೆರಳ ತುದಿಯ ಮೇಲಿಟ್ಟು ಒಂದೇ ಒಂದು ಸುತ್ತು ಉರುಳಿಸಿ ನೋಡಿ, ಸಲೀಸಾಗಿ ಬಿಚ್ಚಿಕೊಂಡರೆ ಅದೇ ಬದಿ. ಪೂರ್ತಿ ಬಿಚ್ಚಿ ಆಮೇಲೆ ಕಾಲುಚೀಲದಂತೆ ಎಳೆದು ತೊಡಲು ಹೋಗಬೇಡಿ. ಶಿಶ್ನದ ಮೇಲೆ ಇಟ್ಟಾದ ಮೇಲೆ ತಿರುಗುಮುರುಗು ಎಂದು ತಿಳಿದರೆ ತಿರುಗಿಸಿ ಅದನ್ನೇ ತೊಡಬಾರದು. ತುದಿಗೆ ತಾಗಿದ ದ್ರವ ಈಗ ಕಾಂಡೋಮಿನ ಹೊರಬದಿಯಲ್ಲಿರುತ್ತದೆ, ನೇರ ಒಳಗೆ ಹೋಗುತ್ತದೆ. ಅದನ್ನು ಎಸೆದು ಹೊಸದು ತೆಗೆಯಿರಿ.

ಮುಂದೊಗಲು ಇದ್ದವರು ಅದನ್ನು ಹಿಂದಕ್ಕೆ ಸರಿಸಿಕೊಳ್ಳಬೇಕು. ಒಂದು ಕೈಯ ಹೆಬ್ಬೆರಳು, ತೋರುಬೆರಳಿಂದ ಕಾಂಡೋಮಿನ ಮೊನೆಯನ್ನು ಚಿವುಟಿ ಹಿಡಿಯಿರಿ. ಚಿವುಟುವುದು ಗಾಳಿ ಹೊರಹೋಗಲಿ, ವೀರ್ಯಕ್ಕೆ ಜಾಗ ಉಳಿಯಲಿ ಎಂದು. ಮೊನೆಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಸ್ಖಲನದ ಒತ್ತಡಕ್ಕೆ ಅಲ್ಲೇ ಒಡೆಯಬಹುದು, ಇಲ್ಲವೇ ವೀರ್ಯ ಬದಿಗಳಲ್ಲಿ ಬುಡದ ಕಡೆ ನುಗ್ಗಬಹುದು. ಕೆಲವು ಕಾಂಡೋಮ್‌ಗಳಲ್ಲಿ ಈ ಮೊನೆಯ ಚೀಲ ಇರುವುದಿಲ್ಲ, ತುದಿ ದುಂಡಗಿರುತ್ತದೆ. ಆಗ ಒಂದರಿಂದ ಎರಡು ಸೆಂ.ಮೀ. ಜಾಗ ನೀವೇ ಬಿಡಬೇಕು. ಮೊನೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಸುರುಳಿಯನ್ನು ಬುಡದವರೆಗೆ ಉರುಳಿಸಿ. ಮುಕ್ಕಾಲು ಭಾಗಕ್ಕೆ ನಿಲ್ಲಿಸುವವರಿದ್ದಾರೆ, ಜಾರುವುದು ಹೆಚ್ಚಾಗಿ ಅವರದ್ದೇ. ಬುಡದ ಕೂದಲು ಸುರುಳಿಗೆ ಸಿಕ್ಕದಂತೆ ಬದಿಗೆ ಸರಿಸಿಕೊಳ್ಳಿ. ಕೊನೆಗೆ ಮೇಲಿನಿಂದ ಕೆಳಗೆ ಒಮ್ಮೆ ಕೈಯಾಡಿಸಿ. ಉಬ್ಬಿದ ಗುಳ್ಳೆ ಸಿಕ್ಕರೆ ಬುಡದ ಕಡೆಗೆ ಒತ್ತಿ ಹೊರಹಾಕಿ.

ಮುಂದೊಗಲು ಉದ್ದವಿದ್ದವರಿಗೆ ಕೂಡುವಾಗ ಅದು ಮುಂದೆ ಹಿಂದೆ ಆಡಿ ಕಾಂಡೋಮನ್ನೂ ಎಳೆಯುತ್ತದೆ. ಉಪಾಯವೊಂದಿದೆ. ಕಾಂಡೋಮನ್ನು ಒಮ್ಮೆ ಉರುಳಿಸಿದ ಮೇಲೆ ಅದರೊಳಗಿನ ಚರ್ಮವನ್ನು ಕಾಂಡೋಮ್ ಸಮೇತ ತುದಿಯ ಕಡೆ ಸ್ವಲ್ಪ ಸರಿಸಿ, ಬುಡದಲ್ಲಿ ತೆರೆದುಕೊಂಡ ಜಾಗಕ್ಕೆ ಉಳಿದ ಸುರುಳಿಯನ್ನು ಉರುಳಿಸಿ. ಆಗ ಚರ್ಮ ಒಳಗೊಳಗೇ ಆಡುತ್ತದೆ, ಅಂಚು ಕದಲುವುದಿಲ್ಲ.

ಒಂದರ ಮೇಲೊಂದು ಎರಡು ತೊಟ್ಟರೆ ಎರಡು ಪಟ್ಟು ರಕ್ಷಣೆ ಎಂಬ ನಂಬಿಕೆ ಬಹಳ ಕಡೆ ಇದೆ. ರಬ್ಬರು ರಬ್ಬರಿಗೆ ಉಜ್ಜಿ ಎರಡೂ ಹರಿಯುವ, ಜಾರುವ ಸಂಭವ ಹೆಚ್ಚುತ್ತದೆ ಅಷ್ಟೆ. ಗಂಡಸಿನದೊಂದು, ಹೆಂಗಸಿನದೊಂದು ಒಟ್ಟಿಗೆ ತೊಡುವುದೂ ಅದೇ ಕಾರಣಕ್ಕೆ ಬೇಡ.

ಜಾರುವಿಕೆಗೆ ಜೆಲ್

ಹರಿದ ಕಾಂಡೋಮ್‌ಗಳ ಹಿಂದೆ ಹೆಚ್ಚಾಗಿ ಸಿಗುವ ಒಂದು ಕಾರಣ ಒಣಗಿದ ಯೋನಿ. ಕಾಂಡೋಮಿನ ಮೇಲೆ ಕಾರ್ಖಾನೆಯಲ್ಲೇ ಹಚ್ಚಿದ ಜಿಡ್ಡು ಸ್ವಲ್ಪ ಹೊತ್ತಿಗೆ ಸಾಲುತ್ತದೆ, ಕೊನೆವರೆಗೆ ಬರುವುದಿಲ್ಲ. ಹಾಲೂಡಿಸುವ ತಿಂಗಳುಗಳಲ್ಲಿ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ, ಗಾಬರಿ ಆತುರಗಳಲ್ಲಿ ಯೋನಿಯ ತೇವ ಕಡಿಮೆ ಇರುತ್ತದೆ. ಉರಿ ಎಂದೋ ಎಳೆದಂತೆ ಎಂದೋ ಅನ್ನಿಸಿದ ಕೂಡಲೇ ನಿಲ್ಲಿಸಿ ಜೆಲ್ ಹಚ್ಚಿ.

ಯಾವ ಜೆಲ್ ಎಂಬುದರಲ್ಲಿ ತಪ್ಪಬಾರದು. ಲೇಟೆಕ್ಸ್, ಪಾಲಿಐಸೋಪ್ರೀನ್ ಎರಡಕ್ಕೂ ನೀರಿನ ಅಂಶದ ಜೆಲ್ ಅಥವಾ ಸಿಲಿಕೋನ್ ಜೆಲ್ ಮಾತ್ರ. ಕೊಬ್ಬರಿ ಎಣ್ಣೆ, ಬೇಬಿ ಆಯಿಲ್, ಪೆಟ್ರೋಲಿಯಂ ಜೆಲ್ಲಿ, ಮೈಗೆ ಹಚ್ಚುವ ಲೋಷನ್, ಕೋಲ್ಡ್ ಕ್ರೀಮ್, ಬೆಣ್ಣೆ ತುಪ್ಪ ಯಾವುದೂ ಸಲ್ಲದು. ಎಣ್ಣೆ ಲೇಟೆಕ್ಸಿನೊಳಗೆ ಇಳಿದು ಅದನ್ನು ಉಬ್ಬಿಸಿ ಸಡಿಲ ಮಾಡುತ್ತದೆ. ಖನಿಜ ಎಣ್ಣೆ ತಾಗಿದ ಒಂದು ನಿಮಿಷದಲ್ಲೇ ಅದರ ಬಲದ ಬಹುಪಾಲು ಹೋಗುತ್ತದೆ. ನೋಡಲು ಏನೂ ಆಗದಂತೆ ಇರುತ್ತದೆ, ಅದೇ ಮೋಸ. ಮೈ ಮಸಾಜ್ ಮಾಡಿದ ಕೈಯಲ್ಲೇ ಕಾಂಡೋಮ್ ಮುಟ್ಟುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಯೋನಿಯ ಬಿಳಿಸೆರಗು, ಶಿಲೀಂಧ್ರ ಸೋಂಕಿಗೆಂದು ಒಳಗಿಡುವ ಕೆಲವು ಮಾತ್ರೆ, ಕ್ರೀಮುಗಳಲ್ಲೂ ಎಣ್ಣೆಯ ಅಂಶವಿರುತ್ತದೆ. ಅವುಗಳ ಚಿಕಿತ್ಸೆ ನಡೆಯುವಾಗ ಲೇಟೆಕ್ಸ್ ಕಾಂಡೋಮನ್ನು ನೆಚ್ಚಿಕೊಳ್ಳಬೇಡಿ, ಔಷಧಿ ಚೀಟಿಯಲ್ಲಿ ಓದಿ ಅಥವಾ ಔಷಧಿ ಅಂಗಡಿಯಲ್ಲಿ ಕೇಳಿ. ಪಾಲಿಯುರೇಥೇನ್ ಕಾಂಡೋಮ್‌ಗೆ ಎಣ್ಣೆಯ ಭಯವಿಲ್ಲ. ಆದರೆ ಅದು ಲೇಟೆಕ್ಸಿನಷ್ಟು ಹಿಗ್ಗುವುದಿಲ್ಲ, ಅಳತೆ ಇನ್ನೂ ಸರಿಯಿರಬೇಕು.

ಜೆಲ್ಲನ್ನು ಕಾಂಡೋಮಿನ ಹೊರಗೆ ಮತ್ತು ಯೋನಿಯ ಬಾಯಿಗೆ ಧಾರಾಳವಾಗಿ ಹಚ್ಚಬಹುದು. ಒಳಬದಿಯ ಮೊನೆಗೆ ಒಂದೆರಡು ಹನಿ ಹಾಕಿದರೆ ಗಂಡಸಿಗೆ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ, 'ಏನೂ ಗೊತ್ತಾಗಲ್ಲ' ಎನ್ನುವ ದೂರಿಗೆ ಇದು ಮದ್ದು. ಒಂದೆರಡು ಹನಿಗಿಂತ ಹೆಚ್ಚಾದರೆ ಕಾಂಡೋಮೇ ಕಳಚುತ್ತದೆ. ಉಗುಳು ಬೇಗ ಒಣಗುತ್ತದೆ, ಜೆಲ್ಲಿನ ಕೆಲಸ ಮಾಡುವುದಿಲ್ಲ.

ಕೂಡುವಾಗ ಮತ್ತು ಮುಗಿದ ಮೇಲೆ

ನಡುನಡುವೆ ಬುಡಕ್ಕೆ ಕೈ ಹಾಕಿ ಅಂಚು ಅಲ್ಲೇ ಇದೆಯೇ ಎಂದು ಮುಟ್ಟಿ ನೋಡಿ. ಭಂಗಿ ಬದಲಿಸುವಾಗ ನೋಡಿದರೆ ಸಾಕು, ಅದಕ್ಕೆಂದೇ ನಿಲ್ಲಿಸಬೇಕಾಗಿಲ್ಲ. ಅಂಚು ಮೇಲೆ ಸರಿದಿದ್ದರೆ ಕೆಳಗೆ ಉರುಳಿಸಿ. ಇದ್ದಕ್ಕಿದ್ದಂತೆ ಬಿಸಿ, ತೇವ ಹೆಚ್ಚಾಗಿ ತಿಳಿದರೆ ಹರಿದಿರಬಹುದು, ಕೂಡಲೇ ಹೊರತೆಗೆದು ನೋಡಿ. ಅರ್ಧ ಗಂಟೆ ಮೀರಿದರೆ ಹೊಸದು ತೊಡುವುದು ಒಳ್ಳೆಯದು, ಉಜ್ಜಿ ಉಜ್ಜಿ ರಬ್ಬರು ತೆಳುವಾಗುತ್ತದೆ, ಜಿಡ್ಡೂ ಒಣಗಿರುತ್ತದೆ. ಗುದದಿಂದ ಯೋನಿಗೆ ಬರುವುದಾದರೂ ಕಾಂಡೋಮ್ ಬದಲಿಸಲೇಬೇಕು, ಇಲ್ಲದಿದ್ದರೆ ಸೋಂಕು ತಗಲಬಹುದು. ನೀರಿನಲ್ಲಿ ಕೂಡುವವರು ನೀರಿಗಿಳಿಯುವ ಮೊದಲೇ ತೊಡಬೇಕು. ಅಲ್ಲಿ ಜೆಲ್ ತೊಳೆದುಹೋಗಿ ಜಾರುವುದೂ ಹರಿಯುವುದೂ ಹೆಚ್ಚು.

ಇನ್ನು ತೆಗೆಯುವುದು. ತೊಡುವುದನ್ನು ಎಲ್ಲರೂ ಕಲಿಸುತ್ತಾರೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಸ್ಖಲನವಾದ ಮೇಲೆ ಶಿಶ್ನ ನಿಮಿಷಗಳಲ್ಲಿ ಸಡಿಲವಾಗುತ್ತದೆ. ಸಡಿಲವಾದ ಕೂಡಲೇ ಕಾಂಡೋಮಿಗೆ ಹಿಡಿತ ತಪ್ಪುತ್ತದೆ, ವೀರ್ಯ ಬುಡದ ಕಡೆಯಿಂದ ಸೋರುತ್ತದೆ, ಹೊರಗೆಳೆದರೆ ಕಾಂಡೋಮ್ ಒಳಗೇ ಉಳಿಯುತ್ತದೆ. ಆದ್ದರಿಂದ ಇನ್ನೂ ಗಟ್ಟಿ ಇರುವಾಗಲೇ, ಬುಡದಲ್ಲಿ ಅಂಚನ್ನು ಎರಡು ಬೆರಳಿಂದ ಶಿಶ್ನಕ್ಕೆ ಒತ್ತಿ ಹಿಡಿದು, ಎರಡನ್ನೂ ಒಟ್ಟಿಗೆ ಹೊರತನ್ನಿ. ಅಂಚು ಹಿಡಿಯುವ ಕೆಲಸ ಯಾರ ಕೈಯಾದರೂ ಮಾಡಬಹುದು. ಹೊರಬಂದ ಮೇಲೆ ಸಂಗಾತಿಯಿಂದ ಸ್ವಲ್ಪ ದೂರ ಸರಿದು, ಮೊನೆ ಕೆಳಗಿರುವಂತೆ ಹಿಡಿದು ಕಳಚಿ.

ಕಳಚಿದ್ದನ್ನು ಬೆಳಕಿನಲ್ಲಿ ಒಮ್ಮೆ ನೋಡಿ: ಹರಿದಿದೆಯೇ, ವೀರ್ಯ ಮೊನೆಯಲ್ಲೇ ನಿಂತಿದೆಯೇ. ಹರಿದದ್ದು ಆಗಲೇ ತಿಳಿದರೆ ಮುಂದಿನ ಕೆಲಸಕ್ಕೆ ಸಮಯ ಇರುತ್ತದೆ. ಆಮೇಲೆ ಬಾಯಿಗೆ ಗಂಟು ಹಾಕಿ, ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ. ಕಕ್ಕಸಿಗೆ ಹಾಕಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಕೈಯನ್ನೂ ಶಿಶ್ನವನ್ನೂ ತೊಳೆದುಕೊಳ್ಳಿ. ತೊಳೆಯದೆ ಮತ್ತೆ ಯೋನಿಗೆ ತಾಗಿಸಿದರೆ, ವೀರ್ಯ ಮೆತ್ತಿದ ಬೆರಳನ್ನು ಒಳಗೆ ಹಾಕಿದರೆ ಅಷ್ಟು ಹೊತ್ತಿನ ಎಚ್ಚರಿಕೆ ವ್ಯರ್ಥ. ಮತ್ತೆ ಕೂಡುವುದಾದರೆ ಮೂತ್ರ ಮಾಡಿ, ತೊಳೆದುಕೊಂಡು, ಹೊಸ ಕಾಂಡೋಮ್. ತೊಳೆದು ಒಣಗಿಸಿ ಮತ್ತೆ ಬಳಸುವ ವಸ್ತು ಇದಲ್ಲ.

ತೊಡುವ ಹೊತ್ತಿಗೆ ಇಳಿದುಹೋದರೆ

ನಿಮಿರಿದ್ದು ಪ್ಯಾಕೆಟ್ ಒಡೆಯುವಷ್ಟರಲ್ಲಿ ಇಳಿಯುವುದು ಬಹಳ ಗಂಡಸರಿಗೆ ಆಗುತ್ತದೆ, ಹೇಳಿಕೊಳ್ಳುವವರು ಕಡಿಮೆ. ಕಾಂಡೋಮ್ ಬೇಡ ಎನ್ನುವುದಕ್ಕೆ ಕೊಡುವ ಹತ್ತು ಕಾರಣಗಳ ಹಿಂದೆ ಇದೊಂದೇ ಅಡಗಿರುತ್ತದೆ. ಕೈಗೆ ಅಭ್ಯಾಸವಾದರೆ ಮುಕ್ಕಾಲು ಭಾಗ ಸರಿಹೋಗುತ್ತದೆ. ಒಬ್ಬರೇ ಇರುವಾಗ ನಾಲ್ಕೈದು ಕಾಂಡೋಮ್ ಖರ್ಚು ಮಾಡಿ ತೊಟ್ಟು ತೆಗೆದು ರೂಢಿ ಮಾಡಿಕೊಳ್ಳಿ, ಕತ್ತಲಲ್ಲೂ ಮಾಡಿ ನೋಡಿ. ಎರಡನೇ ದಾರಿ, ಸಂಗಾತಿಯೇ ತೊಡಿಸುವುದು. ಮುದ್ದಾಟ ನಿಲ್ಲುವುದಿಲ್ಲ, ಅದರಲ್ಲೇ ಸೇರಿಹೋಗುತ್ತದೆ. ಅರ್ಧ ನಿಮಿರಿದಾಗ ತುರುಕಲು ಹೋಗಬೇಡಿ, ಸರಿಯಾಗಿ ಉರುಳುವುದಿಲ್ಲ. ನಡುವೆ ಇಳಿದರೆ ಅಂಚು ಹಿಡಿದು ಹೊರತೆಗೆದು, ಮತ್ತೆ ನಿಮಿರಿದ ಮೇಲೆ ಹೊಸದು ತೊಡಿ.

ಮಾತು ಮೊದಲೇ ಆಗಿರಲಿ. ಮೈ ಬಿಸಿಯಾದ ಮೇಲೆ ವಾದ ಮಾಡಿ ಗೆದ್ದವರಿಲ್ಲ. 'ನಂಬಿಕೆ ಇಲ್ವಾ?' ಎಂದು ಕೇಳಿದರೆ 'ನಂಬಿಕೆ ಇದೆ, ಈಗ ಮಗು ಬೇಡ ಅಷ್ಟೆ' ಎಂದರೆ ಸಾಕು. 'ಮುಟ್ಟಿನ ಲೆಕ್ಕದಲ್ಲಿ ಇವತ್ತು ಏನೂ ಆಗಲ್ಲ' ಎಂಬ ಮಾತು ಬಂದರೆ ನೆನಪಿಡಿ: ವೀರ್ಯಾಣು ಹೆಂಗಸಿನ ದೇಹದಲ್ಲಿ ಐದು ದಿನದವರೆಗೆ ಬದುಕಬಲ್ಲದು, ಅಂಡ ಬಿಡುಗಡೆಯಾಗುವ ದಿನ ತಿಂಗಳಿಂದ ತಿಂಗಳಿಗೆ ಹಿಂದೆ ಮುಂದೆ ಆಗುತ್ತದೆ. ಒಬ್ಬರು ಹೇಳದೆ ಕೇಳದೆ ಕಾಂಡೋಮ್ ಕಳಚಿಬಿಡುವುದು ಒಪ್ಪಿಗೆ ಮೀರಿದ ಕೆಲಸ, ಕೆಲವು ದೇಶಗಳಲ್ಲಿ ಅದು ಅಪರಾಧ.

ಹರಿದರೆ, ಒಳಗೆ ಉಳಿದರೆ

ಸ್ಖಲನಕ್ಕೆ ಮೊದಲೇ ತಿಳಿದರೆ ಹೊರಬಂದು ಹೊಸದು ತೊಡಿ. ಸ್ಖಲನವಾಗಿದ್ದರೆ ಯೋನಿಯೊಳಗೆ ನೀರು, ಸೋಪು, ಔಷಧಿ ಏನೂ ಹಾಕಿ ತೊಳೆಯಬೇಡಿ. ವೀರ್ಯಾಣು ಆಗಲೇ ಗರ್ಭಕಂಠ ದಾಟಿರುತ್ತದೆ, ತೊಳೆದರೆ ಉರಿ ಮಾತ್ರ ಉಳಿಯುತ್ತದೆ. ಹೊರಗಡೆ ನೀರಿನಿಂದ ತೊಳೆದುಕೊಂಡರೆ ಸಾಕು. ಕಾಂಡೋಮ್ ಒಳಗೆ ಉಳಿದಿದ್ದರೆ ಗಾಬರಿ ಬೇಡ, ಅದು ಹೊಟ್ಟೆಯೊಳಗೆ ಹೋಗುವುದಿಲ್ಲ, ಗರ್ಭಕಂಠದ ರಂಧ್ರ ಅಷ್ಟು ದೊಡ್ಡದಲ್ಲ. ಕುಕ್ಕರುಗಾಲಲ್ಲಿ ಕೂತು, ಕೈ ತೊಳೆದು, ಎರಡು ಬೆರಳು ಹಾಕಿ ಬಾಯಿಯ ಅಂಚನ್ನು ಹಿಡಿದು ಮೆಲ್ಲಗೆ ಎಳೆಯಿರಿ. ಸಿಗದಿದ್ದರೆ ವೈದ್ಯರು ಒಂದೆರಡು ನಿಮಿಷದಲ್ಲಿ ತೆಗೆಯುತ್ತಾರೆ.

ಆಮೇಲೆ ತುರ್ತು ಗರ್ಭನಿರೋಧಕ. ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ. ಮಾತ್ರೆ ಒಂದು, ಆದಷ್ಟು ಬೇಗ, 72 ಗಂಟೆಯೊಳಗೆ. ಅದರ ನಂತರವೂ 120 ಗಂಟೆಯವರೆಗೆ ಸ್ವಲ್ಪ ಕೆಲಸ ಮಾಡಬಹುದು, ಆದರೆ ಹೊತ್ತು ಕಳೆದಷ್ಟೂ ಬಲ ಕುಗ್ಗುತ್ತದೆ. ಯುಲಿಪ್ರಿಸ್ಟಾಲ್ 30 ಮಿ.ಗ್ರಾಂ. ಸಿಗುವ ಕಡೆ ಅದು 120 ಗಂಟೆಯವರೆಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಖಚಿತವಾದದ್ದು ಐದು ದಿನದೊಳಗೆ ವೈದ್ಯರಿಂದ ಹಾಕಿಸಿಕೊಳ್ಳುವ ಕಾಪರ್-ಟಿ. ಶೇ 99ಕ್ಕೂ ಮೇಲೆ ತಡೆಯುತ್ತದೆ, ವರ್ಷಗಟ್ಟಲೆ ಉಳಿಯಲೂ ಬಹುದು. ಲೆವೊನಾರ್ಜೆಸ್ಟ್ರೆಲ್ ನುಂಗಿ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ನುಂಗಬೇಕು, ಯುಲಿಪ್ರಿಸ್ಟಾಲ್‌ಗೆ ಈ ಗಡುವು ಮೂರು ಗಂಟೆ. ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಮೂರ್ಛೆರೋಗಕ್ಕೆ ಕೆಲವು ಔಷಧಿ ತೆಗೆದುಕೊಳ್ಳುತ್ತಿದ್ದರೆ ಮಾತ್ರೆಯ ಬಲ ಕಡಿಮೆಯಾಗುತ್ತದೆ, ತೂಕ ಬಹಳ ಹೆಚ್ಚಿದ್ದರೂ ಹಾಗೆ. ಇಂಥವರಿಗೆ ಕಾಪರ್-ಟಿ ಲೇಸು. ಮುಂದಿನ ಮುಟ್ಟು ಒಂದು ವಾರಕ್ಕಿಂತ ತಡವಾದರೆ, ಅಥವಾ ಕೂಡಿ ಮೂರು ವಾರವಾದ ಮೇಲೆ, ಮೂತ್ರ ಪರೀಕ್ಷೆ ಮಾಡಿ ನೋಡಿ.

ಸಂಗಾತಿಗೆ ಎಚ್‌ಐವಿ ಇದ್ದರೆ, ಅಥವಾ ಇರಬಹುದೆಂಬ ಗುಮಾನಿ ಇದ್ದರೆ, ತಡೆ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನಡೆಯುತ್ತದೆ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗುವ ವಿಷಯ ಇದು.

ಹೆಂಗಸರು ಒಳಗೆ ಧರಿಸುವ ಕಾಂಡೋಮ್

ಗಂಡಸು ಒಪ್ಪದ ಕಡೆ, ಲೇಟೆಕ್ಸ್ ಆಗದ ಕಡೆ ಇದು ಉಪಯೋಗಕ್ಕೆ ಬರುತ್ತದೆ. ಹೆಚ್ಚಾಗಿ ನೈಟ್ರೈಲ್ ಎಂಬ ಕೃತಕ ರಬ್ಬರಿನದು, ಉದ್ದ ಸುಮಾರು 17 ಸೆಂ.ಮೀ., ಎರಡು ಕೊನೆಯಲ್ಲೂ ಬಳೆಯಿರುತ್ತದೆ. ಕೂಡುವುದಕ್ಕೆ ಎಂಟು ಗಂಟೆ ಮುಂಚೆಯೇ ಹಾಕಿಕೊಳ್ಳಬಹುದು, ಶಿಶ್ನ ನಿಮಿರುವುದನ್ನು ಕಾಯಬೇಕಾಗಿಲ್ಲ. ಮುಚ್ಚಿದ ಕೊನೆಯ ಬಳೆಯನ್ನು 8ರ ಆಕಾರಕ್ಕೆ ಒತ್ತಿ, ಒಂದು ಕಾಲು ಎತ್ತಿ ಇಟ್ಟೋ ಕುಕ್ಕರುಗಾಲಲ್ಲೋ ಕೂತು ಒಳಗೆ ತೂರಿಸಿ, ತೋರುಬೆರಳನ್ನು ಚೀಲದೊಳಗೆ ಹಾಕಿ ಗರ್ಭಕಂಠಕ್ಕೆ ತಾಗುವವರೆಗೆ ಮೇಲಕ್ಕೆ ತಳ್ಳಿ. ಚೀಲ ತಿರುಚಿಕೊಂಡಿರಬಾರದು. ಹೊರಬಳೆ ಸುಮಾರು ಎರಡೂವರೆ ಸೆಂ.ಮೀ. ಹೊರಗೇ ಇರಬೇಕು. ಶಿಶ್ನವನ್ನು ಕೈಯಿಂದ ಬಳೆಯೊಳಗೆ ದಾರಿ ತೋರಿಸಿ ಬಿಡಿ. ಬಳೆಯ ಪಕ್ಕದಿಂದ, ಚೀಲಕ್ಕೂ ಯೋನಿಯ ಗೋಡೆಗೂ ನಡುವೆ ಹೋಗುವುದೇ ಇದರ ದೊಡ್ಡ ಸೋಲು. ಹೊರಬಳೆ ಒಳಗೆ ಎಳೆದುಹೋಗುತ್ತಿದ್ದರೆ ಜೆಲ್ ಸಾಲದು ಎಂದರ್ಥ. ಮುಗಿದ ಮೇಲೆ ಏಳುವ ಮುಂಚೆ ಹೊರಬಳೆಯನ್ನು ಎರಡು ಸುತ್ತು ತಿರುಚಿ, ವೀರ್ಯ ಒಳಗೇ ಸಿಕ್ಕುವಂತೆ ಮಾಡಿ ಎಳೆಯಿರಿ. ನೂರು ಜೋಡಿಗಳ ವರ್ಷದ ಲೆಕ್ಕದಲ್ಲಿ ಗರ್ಭ ನಿಲ್ಲುವುದು ಸರಿಯಾಗಿ ಬಳಸಿದರೆ 5 ಜೋಡಿಗೆ, ಮಾಮೂಲಿ ಬಳಕೆಯಲ್ಲಿ 21 ಜೋಡಿಗೆ. ಗಂಡಸರ ಕಾಂಡೋಮಿಗಿಂತ ಸ್ವಲ್ಪ ಹಿಂದೆ.

ಇನ್ನೊಂದು ವಿಧಾನದ ಜೊತೆಗೆ

ಗರ್ಭ ನಿಲ್ಲಲೇಬಾರದು ಎನ್ನುವವರಿಗೆ ಕಾಂಡೋಮ್ ಒಂದೇ ಸಾಲದು ಎಂಬುದು ನಮ್ಮ ಅಭಿಪ್ರಾಯ. ಗುಳಿಗೆ, ಇಂಜೆಕ್ಷನ್, ಕಾಪರ್-ಟಿ ಇವುಗಳ ಜೊತೆಗೆ ಕಾಂಡೋಮ್ ಇದ್ದರೆ ಒಂದು ತಪ್ಪಿದಾಗ ಇನ್ನೊಂದು ಹಿಡಿಯುತ್ತದೆ. ಲೈಂಗಿಕ ಸೋಂಕುಗಳಿಂದ ಕಾಪಾಡುವುದು ಇವುಗಳಲ್ಲಿ ಕಾಂಡೋಮ್ ಮಾತ್ರ. ಹೆರಿಗೆಯಾದ ಮೇಲೆ ಮತ್ತೆ ಕೂಡಲು ಶುರುಮಾಡಿದ ದಿನದಿಂದಲೇ ಬಳಸಬಹುದು, ಎದೆಹಾಲಿಗೆ ಏನೂ ಆಗುವುದಿಲ್ಲ.

ಬೇರೆ ವಿಧಾನ ಹಿಡಿತಕ್ಕೆ ಬರುವವರೆಗೆ ಕಾಂಡೋಮೇ ಆಸರೆ. ಎರಡು ಹಾರ್ಮೋನಿನ ಗುಳಿಗೆಯನ್ನು ಮುಟ್ಟು ಶುರುವಾದ ಐದು ದಿನದ ಆಚೆ ಆರಂಭಿಸಿದರೆ ಮೊದಲ ಏಳು ದಿನ ಕಾಂಡೋಮ್ ಬೇಕು, ಎರಡು ಮೂರು ಗುಳಿಗೆ ಮರೆತಾಗಲೂ ಮತ್ತೆ ಏಳು ದಿನ. ಗಂಡಸಿನ ನಸಬಂದಿ ಆದ ದಿನವೇ ಕೆಲಸ ಮಾಡುವುದಿಲ್ಲ, ಕತ್ತರಿಸಿದ ಜಾಗದ ಮುಂದಿನ ನಾಳದಲ್ಲಿ ಹಳೆಯ ವೀರ್ಯಾಣು ಉಳಿದಿರುತ್ತದೆ. ಮೂರು ತಿಂಗಳು ಕಾಂಡೋಮ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲ ಎಂದು ಬಂದ ಮೇಲೆ ನಿಲ್ಲಿಸಿ.